ಗ್ರಾನೈಟ್‌ಗೆ ಹೆದರಿ ಲ್ಯಾಮಿನೇಟ್ ಹಾಕಿಸಿದರೆ ಮನೆ ಸುರಕ್ಷಿತವೇ?

‘ಗ್ರಾನೈಟ್ ನೆಲದಿಂದ ವಿಕಿರಣ ಬರುತ್ತದೆ, ಕ್ಯಾನ್ಸರ್ ಗ್ಯಾರಂಟಿ, ಎಲ್ಲರಿಗೂ ಕಳಿಸಿ’ ಎಂಬ ಧಾಟಿಯ ಸಂದೇಶಗಳು ಮನೆ ಕಟ್ಟಿಸುವವರ ಫೋನಿಗೆ ಆಗಾಗ ಬಂದು ಬೀಳುತ್ತವೆ. ಇದನ್ನು ನಂಬಿ ಕಲ್ಲು ಬೇಡವೆಂದು, ಮಗುವಿನ ಕೋಣೆಗೆ ಮರದಂತೆ ಕಾಣುವ ಅಗ್ಗದ ಲ್ಯಾಮಿನೇಟ್ ಹಾಕಿಸುವವರಿದ್ದಾರೆ. ಗಾಳಿಗೆ ಸೇರುವ ರಾಸಾಯನಿಕಗಳ ಲೆಕ್ಕ ಹಾಕಿದರೆ ಇದು ನಷ್ಟದ ವ್ಯಾಪಾರ.

ಸಂದೇಶದಲ್ಲಿ ಒಂದೆಳೆ ನಿಜ ಇದೆ. ಗ್ರಾನೈಟ್‌ನಲ್ಲಿ ಅತ್ಯಲ್ಪ ಪ್ರಮಾಣದ ಯುರೇನಿಯಂ, ಥೋರಿಯಂ ಇರುತ್ತವೆ. ಯುರೇನಿಯಂ ಕ್ಷಯಿಸುತ್ತಾ ಹೋದಂತೆ ರೇಡಾನ್ ಎಂಬ ಅನಿಲ ಹುಟ್ಟುತ್ತದೆ. ಈ ರೇಡಾನ್‌ನಿಂದ ಶ್ವಾಸಕೋಶದ ಕ್ಯಾನ್ಸರ್ ಬರಬಹುದು ಎನ್ನುವುದೂ ಸುಳ್ಳಲ್ಲ. ಆದರೆ ಮನೆಯೊಳಗೆ ಸೇರುವ ರೇಡಾನ್‌ನ ಬಹುಪಾಲು ಬರುವುದು ಅಡಿಪಾಯದ ಕೆಳಗಿನ ಮಣ್ಣು ಮತ್ತು ಬಂಡೆಯಿಂದ. ನೆಲಕ್ಕೆ ಹಾಸುವ ತೆಳು ಚಪ್ಪಡಿಯ ಪಾಲು ಸಾಮಾನ್ಯವಾಗಿ ತೀರಾ ಕಡಿಮೆ. ಕಿಟಕಿ ತೆರೆದು ಗಾಳಿಯಾಡಲು ಬಿಟ್ಟರೆ ಎರಡೂ ಚದುರುತ್ತವೆ. ಅಂದಹಾಗೆ, ಚಾಮರಾಜನಗರದ ‘ಕಪ್ಪು ಗ್ರಾನೈಟ್’ ಭೂವಿಜ್ಞಾನದ ಪ್ರಕಾರ ಗ್ರಾನೈಟೇ ಅಲ್ಲ, ಡಾಲರೈಟ್. ಅದರಲ್ಲಿ ಯುರೇನಿಯಂ ಇನ್ನೂ ಕಡಿಮೆ.

ಈಗ ಲ್ಯಾಮಿನೇಟ್ ಕಡೆ ಬರೋಣ. ಮೇಲೆ ಕಾಣುವ ಮರದ ಗೆರೆಗಳು ಬರೀ ಮುದ್ರಿಸಿದ ಚಿತ್ರ. ಒಳಗಿರುವುದು ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ. ಆ ಅಂಟಿನಲ್ಲಿ ಹೆಚ್ಚಾಗಿ ಬಳಸುವುದು ಫಾರ್ಮಾಲ್ಡಿಹೈಡ್. ಅದು ಹಲಗೆಯಿಂದ ತಿಂಗಳುಗಟ್ಟಲೆ ನಿಧಾನವಾಗಿ ಗಾಳಿಗೆ ಸೇರುತ್ತಿರುತ್ತದೆ. ಹೊಸದರಲ್ಲಿ ಜಾಸ್ತಿ, ಬರಬರುತ್ತಾ ಕಡಿಮೆ. ಕಣ್ಣುರಿ, ಗಂಟಲು ಕೆರೆತ ಇದರ ಸಾಮಾನ್ಯ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಸೆಕೆ ಮತ್ತು ತೇವಾಂಶ ಹೆಚ್ಚಿದಷ್ಟೂ ಅದು ಹೊರಬರುವುದೂ ಹೆಚ್ಚು. ಮಂಗಳೂರು, ಉಡುಪಿ, ಕಾರವಾರದವರು ಇದನ್ನು ನೆನಪಿಡಬೇಕು.

ಹಾಗಂತ ಇದನ್ನೂ ಇನ್ನೊಂದು ಭಯದ ಫಾರ್ವರ್ಡ್ ಮಾಡಬೇಡಿ. ಚೀನಾದಲ್ಲಿ ತಯಾರಾದ ಕೆಲವು ಲ್ಯಾಮಿನೇಟ್‌ಗಳಲ್ಲಿ ಫಾರ್ಮಾಲ್ಡಿಹೈಡ್ ಮಿತಿಮೀರಿದೆ ಎಂದು 2015ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದು ವರದಿ ಮಾಡಿದಾಗ ಅಲ್ಲಿ ದೊಡ್ಡ ಗದ್ದಲವಾಯಿತು. ಮರುವರ್ಷ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅಪಾಯದ ಅಂದಾಜು ಪ್ರಕಟಿಸಿತು. ಆದರೆ ಚಾವಣಿಯ ಎತ್ತರವನ್ನು ಅಡಿಯಿಂದ ಮೀಟರಿಗೆ ಬದಲಾಯಿಸುವುದನ್ನು ಅವರು ಮರೆತಿದ್ದರು! ತಿದ್ದಿದ ಮೇಲೆ ಬಂದ ಅಂದಾಜು: ಲಕ್ಷ ಜನರಲ್ಲಿ ಹೆಚ್ಚುವರಿಯಾಗಿ 6ರಿಂದ 30 ಮಂದಿಗೆ ಕ್ಯಾನ್ಸರ್. ಇದು ಮೊದಲು ಹೇಳಿದ್ದಕ್ಕಿಂತ ಸುಮಾರು 3 ಪಟ್ಟು ಹೆಚ್ಚು. ದಿಗಿಲು ಬೀಳುವಷ್ಟು ದೊಡ್ಡ ಸಂಖ್ಯೆಯಲ್ಲ, ನಿಜ. ಆದರೂ ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಲು ಇಷ್ಟು ಸಾಕು.

ಆ ಪ್ರಶ್ನೆ ಇದು: ಹಲಗೆ ‘ಇ1’ ದರ್ಜೆಯದೇ? ಫಾರ್ಮಾಲ್ಡಿಹೈಡ್ ಎಷ್ಟು ಹೊರಬರಬಹುದು ಎಂಬುದಕ್ಕೆ ಮಿತಿ ಹಾಕುವ ಯುರೋಪಿನ ಗುರುತು ಅದು. ‘ಇಕೋ’, ‘ನ್ಯಾಚುರಲ್’ ಎಂಬ ಹಸಿರು ಎಲೆಯ ಚಿತ್ರಗಳಿಗೆ ಅಂಥ ಅರ್ಥವೇನೂ ಇಲ್ಲ. ವಾರ್ಡ್‌ರೋಬ್, ಮಂಚಗಳಿಗೂ ಇದೇ ಜಾತಿಯ ಹಲಗೆ ಬಳಸುವುದರಿಂದ ಅಲ್ಲೂ ಇದೇ ಪ್ರಶ್ನೆ ಕೇಳಿ. ಕೆಲಸ ಮುಗಿದ ಮೇಲೆ ಕೆಲವು ವಾರ ಕಿಟಕಿ ತೆರೆದಿಡಿ. ಗೃಹಪ್ರವೇಶದ ಮರುದಿನವೇ ಎಳೆಮಗುವನ್ನು ಎಸಿ ಹಾಕಿದ, ಬಾಗಿಲು ಮುಚ್ಚಿದ ಹೊಸ ಕೋಣೆಯಲ್ಲಿ ಮಲಗಿಸುವುದು ನಮ್ಮ ಪ್ರಕಾರ ಒಳ್ಳೆಯದಲ್ಲ.

ವಿನೈಲ್ ಹಾಸಿನದು ಬೇರೆ ಕಥೆ. ಅದು ಪಿವಿಸಿ ಪ್ಲಾಸ್ಟಿಕ್. ಅದನ್ನು ಮೆತ್ತಗಾಗಿಸಲು ಸೇರಿಸುವ ಥ್ಯಾಲೇಟ್‌ಗಳು ನಿಧಾನವಾಗಿ ಹೊರಬಂದು ಮನೆಯ ದೂಳಿಗೆ ಅಂಟಿಕೊಳ್ಳುತ್ತವೆ. ಇವುಗಳಲ್ಲಿ ಕೆಲವು ಹಾರ್ಮೋನುಗಳ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನು ನೇರ ಬಾಯಿಗೆ ಹಾಕುತ್ತದೆ. ಆದ್ದರಿಂದ ವಿನೈಲ್ ಬೇಕೇಬೇಕಿದ್ದರೆ ಥ್ಯಾಲೇಟ್ ಇಲ್ಲದ್ದನ್ನು ಹುಡುಕಿ.

ಹಾಗಾದರೆ ಗಾಳಿ ಕೆಡಿಸದ ನೆಲ ಯಾವುದು? ನಮ್ಮ ಊರುಗಳಲ್ಲಿ ಇರುವುದೇ ಹೆಚ್ಚಾಗಿ ಅಂಥವು. ಟೈಲ್ಸ್ ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಬೆಂದು ಬರುವುದರಿಂದ ಅದರಲ್ಲಿ ಆವಿಯಾಗಲು ಏನೂ ಉಳಿದಿರುವುದಿಲ್ಲ. ಅಜ್ಜನ ಮನೆಯ ರೆಡ್ ಆಕ್ಸೈಡ್ ನೆಲ ಎಂದರೆ ಸಿಮೆಂಟ್ ಮತ್ತು ಕಬ್ಬಿಣದ ಆಕ್ಸೈಡ್. ಕಲಬುರಗಿ ಕಡೆಯ ಶಹಾಬಾದ್ ಫರಸಿ ಅಪ್ಪಟ ಸುಣ್ಣದ ಕಲ್ಲು. ನುಣುಪು ಟೈಲ್ಸ್ ಒದ್ದೆಯಾದಾಗ ಜಾರುತ್ತದೆ, ವಯಸ್ಸಾದವರಿಗೆ ಅದು ನಿಜವಾದ ಅಪಾಯ. ಬಚ್ಚಲಿಗೆ ಒರಟು ಮೈಯದನ್ನೇ ಹಾಕಿಸಿ.

ನೆಲ ಒರೆಸುವ ಬಾಟಲಿಯನ್ನೂ ಸ್ವಲ್ಪ ನೋಡಿ. ಶಹಾಬಾದ್ ಕಲ್ಲು, ಮಾರ್ಬಲ್ ಎರಡನ್ನೂ ಆಸಿಡ್ ತಿಂದುಹಾಕುತ್ತದೆ. ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದು ಉಸಿರುಗಟ್ಟಿಸುವ ವಿಷ.

ಗ್ರಾನೈಟ್‌ನಿಂದ ಶ್ವಾಸಕೋಶಕ್ಕೆ ನಿಜಕ್ಕೂ ಪೆಟ್ಟು ಬೀಳುವುದು ಅದನ್ನು ಕತ್ತರಿಸುವವರಿಗೆ. ಒಣ ಕಲ್ಲಿಗೆ ಕಟಿಂಗ್ ಮಷೀನ್ ಇಟ್ಟಾಗ ಏಳುವ ಬಿಳಿ ದೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಸಿಲಿಕೋಸಿಸ್ ಬರುತ್ತದೆ, ಅದನ್ನು ವಾಸಿಮಾಡುವ ಔಷಧಿಯಿಲ್ಲ. ಅಡುಗೆಮನೆ ಕಟ್ಟೆಗೆ ಬಳಸುವ ಕೃತಕ ಕ್ವಾರ್ಟ್ಜ್ ಕಲ್ಲಿನಲ್ಲಿ ಸಿಲಿಕಾ ಗ್ರಾನೈಟ್‌ಗಿಂತಲೂ ಬಹಳ ಹೆಚ್ಚು. ಇದೇ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿದೆ. ನಿಮ್ಮ ಮನೆಯಲ್ಲಿ ಕೆಲಸ ನಡೆಯುವಾಗ ನೀರು ಬಿಟ್ಟುಕೊಂಡೇ ಕತ್ತರಿಸುವಂತೆ ಮೇಸ್ತ್ರಿಗೆ ಹೇಳಿ, ಕೆಲಸದವರಿಗೆ ಒಳ್ಳೆಯ ಮಾಸ್ಕ್ ಕೊಡಿಸಿ. ದೂಳನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿಸಿ.