ಮೀನು ಜಾಸ್ತಿ ಆಗಿದೆ ಅಂತ ಬರೆದೆ, ಯಾವ ಮೀನು ಅಂತ ಕೇಳಲಿಲ್ಲ

ಹೊಳೆಗೆ ಮೀನುಮರಿ ಬಿಡುವ ಕಾರ್ಯಕ್ರಮವನ್ನು ನೀವೂ ನೋಡಿರುತ್ತೀರಿ. ದಡದಲ್ಲಿ ಶಾಮಿಯಾನ, ಗಾಳಿ ತುಂಬಿ ಕಟ್ಟಿದ ಪ್ಲಾಸ್ಟಿಕ್ ಚೀಲಗಳು, ಪ್ಯಾಂಟು ಮಡಚಿಕೊಂಡು ನೀರಿಗಿಳಿದ ಗಣ್ಯರು, ಒಂದು ಫೋಟೊ. ಇಂಥ ಸುದ್ದಿಯನ್ನು ನಾನೂ ಬರೆದಿದ್ದೇನೆ. ಮೂರು ಪ್ಯಾರಾ. ‘ಮತ್ಸ್ಯ ಸಂಪತ್ತು ವೃದ್ಧಿಗೆ ಕ್ರಮ’ ಅಂತ ಹೆಡ್ಡಿಂಗ್. ಚೀಲದಲ್ಲಿದ್ದದ್ದು ಯಾವ ಮೀನು, ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ. ಸ್ಟ್ರಿಂಗರ್‌ಗೆ ಸುದ್ದಿಗಿಷ್ಟು ಅಂತ ದುಡ್ಡು, ಕೇಳುವ ಪ್ರಶ್ನೆಗಿಷ್ಟು ಅಂತ ಯಾರೂ ಕೊಡುವುದಿಲ್ಲ.

ನನ್ನನ್ನು ಕೇಳಿದವರು ಕಾವೇರಿ ದಡದ ಒಬ್ಬ ಯಜಮಾನರು. ವಯಸ್ಸು ಎಪ್ಪತ್ತರ ಹತ್ತಿರ. ಹಿಂದೆ ಗಾಳದ ಕ್ಯಾಂಪಿನಲ್ಲಿ ಗೈಡ್ ಆಗಿದ್ದವರು. ಅದಕ್ಕೂ ಮುಂಚೆ ಸಿಡಿಮದ್ದು ಹಾಕಿ ಮೀನು ಹೊಡೆದವರು. ಅದನ್ನು ಅವರು ಮುಚ್ಚಿಡುವುದಿಲ್ಲ.

‘ಮೀನು ಜಾಸ್ತಿ ಆಗದೆ ಅಂತ ಬರ್ದಿದ್ಯಲ್ಲಪ್ಪಾ, ಯಾವ ಮೀನು ಕಣಪ್ಪಾ?’

‘ಮಹಶೀರ್ ಯಜಮಾನ್ರೇ, ಬಿಳಿಮೀನು.’

‘ನಮ್ದಾ? ಬಿಟ್ಟಿದ್ದಾ?’

ನನಗೆ ಉತ್ತರ ಗೊತ್ತಿರಲಿಲ್ಲ. ಈ ಬರಹ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಕಾವೇರಿಯಲ್ಲಿ ಈಗ ಎರಡು ಥರದ ಮಹಶೀರ್ ಇವೆ. ಒಂದರ ರೆಕ್ಕೆ, ಬಾಲ ಕಿತ್ತಳೆ ಬಣ್ಣ. ತಲೆಯ ಹಿಂದಿನಿಂದಲೇ ಬೆನ್ನು ಗೂನಿನಂತೆ ಏಳುತ್ತದೆ. ಇದು ಕಾವೇರಿ ಮತ್ತು ಅದರ ಉಪನದಿಗಳದ್ದೇ ಮೀನು, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಗಾಳದಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಅಂದರೆ ಸುಮಾರು 54 ಕಿಲೊ, ಒಂದು ಮೂಟೆ ಭತ್ತದಷ್ಟು ಭಾರ.

ಇನ್ನೊಂದು ನೀಲಿ ರೆಕ್ಕೆಯದು. ಅದರ ತವರು ಕೃಷ್ಣಾ ನದಿಯ ಸೀಮೆ. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮರಿ ಕೇಂದ್ರ 1970ರ ದಶಕದಿಂದ ಈ ಮೀನಿನ ಮರಿ ಮಾಡಿ ದೇಶದ ಹಲವು ನದಿಗಳಿಗೆ ಕೊಟ್ಟಿತು. ಕಾವೇರಿಗೂ ಬಂತು. ಉದ್ದೇಶ ಒಳ್ಳೆಯದೇ ಇತ್ತು, ಮಹಶೀರ್ ಕಡಿಮೆಯಾಗುತ್ತಿದೆ, ಉಳಿಸೋಣ ಅಂತ. ಆದರೆ ಮಹಶೀರ್ ಅನ್ನುವುದು ಒಂದೇ ಮೀನಿನ ಹೆಸರಲ್ಲ, ಒಂದು ಕುಲದ ಹೆಸರು ಅನ್ನುವುದನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆಮೇಲೆ ಏನಾಯಿತು ಅನ್ನುವುದು ನಮಗೆ ಗೊತ್ತಾಗಿದ್ದು ಗಾಳದವರ ನೋಟ್‌ಬುಕ್ಕಿನಿಂದ. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಕ್ಯಾಂಪುಗಳಿಗೆ ದೇಶವಿದೇಶದಿಂದ ಜನ ಬರುತ್ತಿದ್ದರು. ರಾಗಿ ಹಿಟ್ಟು ಬೇಯಿಸಿ ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸುವುದು, ಮೀನು ಹಿಡಿದು ತೂಕ ಬರೆದುಕೊಂಡು ಮತ್ತೆ ಹೊಳೆಗೇ ಬಿಡುವುದು, ಇದು ಅಲ್ಲಿನ ಪದ್ಧತಿ. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ವಿಜ್ಞಾನಿಗಳು ಕೂಡಿಸಿ 2015ರಲ್ಲಿ ಪ್ರಕಟಿಸಿದರು. 23,620 ಗಂಟೆ ಗಾಳ ಹಾಕಿ 6,161 ಮಹಶೀರ್ ಹಿಡಿದು ಬಿಟ್ಟಿದ್ದರು. ಸರಾಸರಿ ನಾಲ್ಕು ಗಂಟೆಗೊಂದು ಮೀನು.

ಮೊದಲ ನೋಟಕ್ಕೆ ಖುಷಿ ಪಡುವ ಲೆಕ್ಕ. ವರ್ಷದಿಂದ ವರ್ಷಕ್ಕೆ ಗಾಳಕ್ಕೆ ಬೀಳುವ ಮೀನಿನ ಸಂಖ್ಯೆ ಏರಿತ್ತು. ಸರಾಸರಿ ತೂಕ ಇಳಿದಿತ್ತು, ಅಂದರೆ ಎಳೆ ಮೀನು ಹೆಚ್ಚಾಗಿತ್ತು. ಕಾವಲು ಇದ್ದ ಕಡೆ ಮೀನು ಚೇತರಿಸಿಕೊಂಡಿದೆ ಅಂತ ಯಾರಾದರೂ ಹೇಳಬಹುದಿತ್ತು. ಆದರೆ ರೆಕ್ಕೆಯ ಬಣ್ಣ ನೋಡಿ ಬೇರೆ ಮಾಡಿದಾಗ ಬೇರೆಯದೇ ಕಥೆ ಬಿಚ್ಚಿಕೊಂಡಿತು. ಏರಿದ್ದೆಲ್ಲ ನೀಲಿ ರೆಕ್ಕೆ. ಕಿತ್ತಳೆ ರೆಕ್ಕೆ ಇಳಿಯುತ್ತಾ ಇಳಿಯುತ್ತಾ ಅಪರೂಪವಾಗಿತ್ತು. ಹೊಳೆ ತುಂಬ ಮಹಶೀರ್ ಇದೆ ಅಂತ ನಾವು ಚಪ್ಪಾಳೆ ತಟ್ಟುತ್ತಿದ್ದಾಗಲೇ ಹೊಳೆಯ ಸ್ವಂತ ಮೀನು ಖಾಲಿಯಾಗುತ್ತಿತ್ತು.

‘ಮೀನು ಮೀನೇ ತಾನೆ, ಯಾವುದಾದರೇನು?’ ಅಂತ ಕೇಳುವವರಿದ್ದಾರೆ. ಅವರಿಗೆ ಒಂದು ಮಾತು. ಊರಲ್ಲಿದ್ದ ಹಳ್ಳಿಕಾರ್ ದನವೆಲ್ಲ ಹೋಗಿ ಕೊಟ್ಟಿಗೆ ತುಂಬ ಜರ್ಸಿ ಬಂದರೆ ದನದ ಗಣತಿಯಲ್ಲಿ ಸಂಖ್ಯೆ ಕಡಿಮೆ ಆಗುವುದಿಲ್ಲ. ಹಾಗಂತ ಹಳ್ಳಿಕಾರ್ ಉಳಿದಿದೆ ಅಂತ ಹೇಳುತ್ತೀರಾ? ಹಳ್ಳಿಕಾರ್‌ಗಾದರೂ ಜಾತ್ರೆಯಿದೆ, ಸಾಕುವ ರೈತನಿದ್ದಾನೆ. ನೀರೊಳಗಿನ ಮೀನಿಗೆ ಯಾರಿದ್ದಾರೆ?

ಇನ್ನೂ ನಾಚಿಕೆಯ ಸಂಗತಿ ಇದೆ. ಇಷ್ಟು ಹೆಸರುವಾಸಿಯಾದ ಈ ಮೀನಿಗೆ 2018ರವರೆಗೆ ವಿಜ್ಞಾನದ ಪುಸ್ತಕದಲ್ಲಿ ಸರಿಯಾದ ಹೆಸರೇ ನಿಕ್ಕಿಯಾಗಿರಲಿಲ್ಲ. ಆ ವರ್ಷ ಮೋಯಾರ್ ಹೊಳೆಯಲ್ಲಿ ಸಿಕ್ಕ ಮೀನುಗಳನ್ನು ಪರೀಕ್ಷಿಸಿ, 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಿಂದ ವರ್ಣಿಸಿದ್ದ ‘ಟಾರ್ ರೆಮಾದೇವಿ’ಯೇ ಇದು ಅಂತ ಖಚಿತ ಮಾಡಿದರು. ಹೆಸರಿಲ್ಲದ್ದಕ್ಕೆ ರೇಷನ್ ಕಾರ್ಡೂ ಇಲ್ಲ ಅನ್ನುವ ಹಾಗೆ, ಅಲ್ಲಿಯವರೆಗೆ ಅದು ಅಳಿವಿನಂಚಿನ ಕೆಂಪು ಪಟ್ಟಿಯಲ್ಲೂ ಇರಲಿಲ್ಲ. ಹೆಸರು ಸಿಕ್ಕ ವರ್ಷವೇ ಪಟ್ಟಿಗೆ ಸೇರಿತು, ಅದೂ ಅತ್ಯಂತ ಗಂಭೀರ ಅಪಾಯದ ವರ್ಗಕ್ಕೆ. ನಾವು ಉಳಿಸಲು ಹೊರಟ ನೀಲಿ ರೆಕ್ಕೆ ಅದೇ ಪಟ್ಟಿಯಲ್ಲಿ ಈಗ ಆತಂಕವಿಲ್ಲದ ವರ್ಗದಲ್ಲಿದೆ.

ನೀಲಿ ರೆಕ್ಕೆಯೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಅಣೆಕಟ್ಟೆಗಳು ಮೀನಿನ ದಾರಿ ಕಟ್ಟಿವೆ. ಮರಳು ಎತ್ತಿ ಹೊಳೆಯ ತಳ ಕೆದರಿದ್ದೇವೆ. ಕೊಳಚೆ ಬಿಟ್ಟಿದ್ದೇವೆ. ಸಿಡಿಮದ್ದು ಒಂದೇ ಏಟಿಗೆ ದೊಡ್ಡದು ಚಿಕ್ಕದು ಅನ್ನದೆ ಎಲ್ಲವನ್ನೂ ಕೊಲ್ಲುತ್ತದೆ. ಇಷ್ಟೆಲ್ಲ ಏಟು ತಿಂದು ನಿತ್ರಾಣವಾದ ಮೀನಿನ ಮನೆಗೆ ನಾವೇ ಲಕ್ಷಗಟ್ಟಲೆ ನೆಂಟರನ್ನು ಕಳಿಸಿದೆವು. ತಿನಿಸಿಗೂ ಪೈಪೋಟಿ, ಜಾಗಕ್ಕೂ ಪೈಪೋಟಿ. ನೀಲಿ ರೆಕ್ಕೆ ಮೀನಿನ ಮೇಲೆ ನನಗೆ ಸಿಟ್ಟಿಲ್ಲ. ಅದು ತನ್ನ ತವರಿನ ಹೊಳೆಯಲ್ಲಿ ಚೆನ್ನಾಗಿರಲಿ. ಕೇಳದೆ ಬರೆದ ನನ್ನಂಥವರ ಮೇಲೆ, ಕೇಳದೆ ಬಿಟ್ಟವರ ಮೇಲೆ ಸಿಟ್ಟಿದೆ.

ಈಗ ಗಾಳದ ವಿಷಯ. ವನ್ಯಧಾಮದೊಳಗೆ ಗಾಳ ಹಾಕುವುದು ಕಾನೂನಿಗೆ ವಿರುದ್ಧ ಅಂತ ಕ್ಯಾಂಪಿನ ಗಾಳ ನಿಂತಿತು. ಬಾಯಿಗೆ ಕೊಕ್ಕೆ ಸಿಕ್ಕಿಸಿ ಹಿಡಿದು ಬಿಡುವುದು ಮೀನಿಗೆ ಹಿಂಸೆ ಅನ್ನುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಗಾಳದ ಜೊತೆ ನೋಟ್‌ಬುಕ್ಕೂ ನಿಂತಿತು. ದಿನಾ ಹೊಳೆ ಮೇಲೆ ಹರಿಗೋಲಿನಲ್ಲಿ ಓಡಾಡುತ್ತಿದ್ದವರು ಕೆಲಸ ಕಳೆದುಕೊಂಡು ಊರು ಸೇರಿದರು. ಯಜಮಾನರು ಹೇಳಿದ್ದು ಇಷ್ಟೇ: ‘ನಾವಿದ್ದಾಗ ಮದ್ದಿನ ಸದ್ದು ಬಂದ್ರೆ ಓಡೋಯ್ತಿದ್ದೋ. ಈಗ ಸದ್ದು ಕೇಳ್ಕಂಡು ಮನೇಲಿ ಕುಂತಿರ್ತೀವಿ.’

ಹಾಗಾದರೆ ಏನು ಮಾಡಬೇಕು? ವಿದೇಶಿ ಅತಿಥಿಗಳನ್ನು ಮತ್ತೆ ಕರೆಯಿರಿ ಅಂತ ನಾನು ಹೇಳುತ್ತಿಲ್ಲ. ಕೇಳುವುದು ಮೂರು.

ಒಂದು, ಕಾವೇರಿಗಾಗಲಿ ಅದರ ಉಪನದಿಗಳಿಗಾಗಲಿ ಹೊರಗಿನ ಮಹಶೀರ್ ಮರಿ ಬಿಡುವುದು ಪೂರ್ತಿ ನಿಲ್ಲಬೇಕು. ಯಾವ ಮೀನನ್ನೇ ಬಿಟ್ಟರೂ ಅದರ ಜಾತಿ ಯಾವುದು, ಎಲ್ಲಿಯದು ಅಂತ ಪಂಚಾಯಿತಿ ಬೋರ್ಡಿನಲ್ಲಿ ಬರೆಯಬೇಕು.

ಎರಡು, ಹೊಳೆ ಬಲ್ಲ ಹಳೆ ಗೈಡುಗಳು, ಬೆಸ್ತರು ಇನ್ನೂ ಬದುಕಿದ್ದಾರೆ. ಅವರನ್ನು ಸಂಬಳ ಕೊಟ್ಟು ಕಾವಲಿಗೂ ಎಣಿಕೆಗೂ ಇಟ್ಟುಕೊಳ್ಳಬೇಕು. ರೆಕ್ಕೆಯ ಬಣ್ಣ ನೋಡಿ ಲೆಕ್ಕ ಬರೆಯಲು ಪದವಿ ಬೇಕಿಲ್ಲ.

ಮೂರು, ಕಿತ್ತಳೆ ರೆಕ್ಕೆ ಇನ್ನೂ ಉಳಿದಿರುವ ಮೋಯಾರ್‌ನಂಥ ಹೊಳೆಗಳ ಬಗ್ಗೆ ಕರ್ನಾಟಕ, ತಮಿಳುನಾಡು ಎರಡೂ ಒಟ್ಟಿಗೆ ಕೂರಬೇಕು. ಕಾವೇರಿ ಅಂದರೆ ಟಿಎಂಸಿ ಲೆಕ್ಕ ಅಂತಲೇ ಎರಡೂ ಕಡೆಯವರು ಕಲಿತಿದ್ದೇವೆ. ಮೇಕೆದಾಟು ಬೇಕು ಅನ್ನುವವರ ಭಾಷಣವನ್ನೂ ಬೇಡ ಅನ್ನುವವರ ಭಾಷಣವನ್ನೂ ನಾನು ವರದಿ ಮಾಡಿದ್ದೇನೆ. ಆ ನೀರಿನಲ್ಲಿ ಬದುಕಿರುವ ಮೀನಿನ ಮಾತು ಎರಡು ಕಡೆಯಿಂದಲೂ ನನ್ನ ಕಿವಿಗೆ ಬಿದ್ದಿಲ್ಲ.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮೂರ ಹೊಳೆಗೆ ಮುಂದಿನ ಸಲ ಮೀನುಮರಿ ಬಿಡಲು ಬಂದಾಗ ಮೊಬೈಲ್ ತೆಗೆದು ಫೋಟೊ ಹೊಡೆಯಿರಿ, ತಪ್ಪಿಲ್ಲ. ಹೊಡೆಯುವ ಮುಂಚೆ ಮಾತ್ರ ಯಜಮಾನರು ನನ್ನನ್ನು ಕೇಳಿದ್ದನ್ನು ಅವರನ್ನು ಕೇಳಿ: ನಮ್ದಾ? ಬಿಟ್ಟಿದ್ದಾ? ಉತ್ತರ ಸಿಗದಿದ್ದರೆ ನನಗೆ ತಿಳಿಸಿ. ಈ ಸಲ ಮೂರು ಪ್ಯಾರಾಕ್ಕೆ ನಿಲ್ಲಿಸುವುದಿಲ್ಲ.