ಬಾಯಿಪಾಠವಾದ ನಿಯಮ

ಚಲನೆಯ ಪ್ರಥಮ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸುವ ವಿದ್ಯಾರ್ಥಿಯೂ, ಮೇಲಕ್ಕೆಸೆದ ಚೆಂಡನ್ನು ಕೈಬಿಟ್ಟ ಮೇಲೆ ಒಯ್ಯುವ ಬಲ ಯಾವುದೆಂದು ಕೇಳಿದರೆ, ಅನೇಕ ವೇಳೆ "ಎಸೆದ ಕೈಯ ಬಲ" ಎನ್ನುವನು. ಗಾಳಿಯ ತಡೆಯನ್ನು ಬಿಟ್ಟರೆ ಅದರ ಮೇಲಿರುವುದು ಕೆಳಮುಖವಾದ ಗುರುತ್ವಬಲವೊಂದೇ. ತಳ್ಳುವುದನ್ನು ಬಿಟ್ಟರೆ ಗಾಡಿ ನಿಲ್ಲುವುದನ್ನು ಕಂಡ ಮಗು, ಚಲನೆಗೆ ಸದಾ ಬಲ ಬೇಕೆಂದು ನಂಬಿದರೆ ಆಶ್ಚರ್ಯವಿಲ್ಲ. ನಿಲ್ಲಿಸುವ ಘರ್ಷಣೆ ಕಣ್ಣಿಗೆ ಕಾಣದು.

ಗೆಲಿಲಿಯೋ ಇಳಿಜಾರು ಹಲಗೆಯಲ್ಲಿ ಕಂಚಿನ ಗುಂಡನ್ನು ಉರುಳಿಸಿ, ಸೋರಿದ ನೀರನ್ನು ತೂಗಿ ಕಾಲವನ್ನಳೆದನು. ಕಾಲ ಇಮ್ಮಡಿಯಾದರೆ ದೂರ ನಾಲ್ಮಡಿಯಾಗುವುದೆಂದು 1638ರ ಗ್ರಂಥದಲ್ಲಿ ಸಾರಿದನು. ನ್ಯೂಟನ್ನನ ನಿಯಮಗಳು ಪ್ರಕಟವಾದದ್ದು 1687ರಲ್ಲಿ. ಪ್ರಯೋಗ ಮೊದಲು, ಸೂತ್ರ ಅನಂತರ. ಪರೀಕ್ಷೆಯ ಅವಸರದಲ್ಲಿ ತರಗತಿಗಳು ಈ ಕ್ರಮವನ್ನು ತಲೆಕೆಳಗು ಮಾಡಿವೆ.

ಹಲಗೆ, ಗೋಲಿ, ಗಡಿಯಾರಗಳಿಗೆ ತಗಲುವ ವೆಚ್ಚ ಅಲ್ಪ. ಅಧ್ಯಾಪಕರಿಗೆ ಬೇಕಾದುದು ವೇಳಾಪಟ್ಟಿಯಲ್ಲಿ ಅವಕಾಶ. ಕಟ್ಟಡಗಳಿಗೆ ಉದಾರವಾಗಿ ನೆರವಿತ್ತ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಪ್ರಯೋಗದ ಮೇಜನ್ನು ಮರೆಯದಿರಲಿ, ಅದೂ ಜ್ಞಾನದಾಸೋಹವೇ. ನುಡಿದಂತೆ ನಡೆಯಬೇಕೆಂದು ಬೋಧಿಸುವ ಶ್ರೀಮಠದ ಶಾಲೆಯಲ್ಲಿ, ಚಲನೆಯ ನಿಯಮವು ಬರಿಯ ನುಡಿಯಾಗಿ ಉಳಿಯಬಾರದು.