ಟೆಲಿವಿಷನ್ ಲೈಸೆನ್ಸಿನ ನಿರ್ಬಂಧ

ಬ್ರಿಟನ್ನಿನಲ್ಲಿ 1946ರಲ್ಲಿ 2 ಪೌಂಡುಗಳಷ್ಟಿದ್ದ ಟೆಲಿವಿಷನ್ ಲೈಸೆನ್ಸಿನ ಶುಲ್ಕವು 2025ರ ಏಪ್ರಿಲಿನಲ್ಲಿ 174 ಪೌಂಡು 50 ಪೆನ್ಸಿಗೆ ಏರಿತು. ನೇರ ಪ್ರಸಾರವನ್ನು ನೋಡದೆ, ಸಂಗ್ರಹದಲ್ಲಿರುವ ಚಿತ್ರಗಳನ್ನು ಬೇಕೆಂದಾಗ ತರಿಸಿಕೊಂಡು ನೋಡುವವನೂ ಇದನ್ನು ತೆರಬೇಕೆ? ಬೇಕಿಲ್ಲವೆಂಬುದೇ ಅಲ್ಲಿಯ ಶಾಸನ. ಬಿ.ಬಿ.ಸಿ.ಯ ಐಪ್ಲೇಯರ್ ಮಾತ್ರ ಇದಕ್ಕೆ ಅಪವಾದ. 2016ರ ಸೆಪ್ಟೆಂಬರ್ 1ರಿಂದ ಅದಕ್ಕೆ ಲೈಸೆನ್ಸು ಕಡ್ಡಾಯವಾಗಿದೆ. ನೆಟ್‌ಫ್ಲಿಕ್ಸಿನ ಚಲನಚಿತ್ರಕ್ಕೆ ಬೇಡ. ಅಲ್ಲಿಯೇ ಮುಷ್ಟಿಯುದ್ಧವನ್ನು ನೇರವಾಗಿ ನೋಡಿದರೆ ಬೇಕು. ಲಂಡನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಬೆಂಗಳೂರಿನ ವಾರ್ತಾವಾಹಿನಿಯನ್ನು ಅಂತರ್ಜಾಲದ ಮೂಲಕ ನೇರವಾಗಿ ನೋಡಿದರೂ ಬೇಕೆಂಬುದನ್ನು ಅರಿತಿರುವುದು ಲೇಸು.

ಹಣದ ಮಾತು ಹಾಗಿರಲಿ. ನಮಗೆ ಆಕ್ಷೇಪಣೀಯವಾಗಿ ತೋರುವುದು ವಸೂಲಿಯ ಕ್ರಮ. ಲೈಸೆನ್ಸಿಲ್ಲದ ಮನೆಗೆ ಎಚ್ಚರಿಕೆಯ ಪತ್ರಗಳು ಮೇಲಿಂದ ಮೇಲೆ ಬರುತ್ತವೆ. ಮನೆಯವನು ಅಪರಾಧಿಯೆಂದು ಆಗಲೇ ತೀರ್ಮಾನವಾದಂತೆ ಅವುಗಳ ಧಾಟಿ. ಶುಲ್ಕ ತಪ್ಪಿಸಿದವರಿಗೆ 1,000 ಪೌಂಡಿನವರೆಗೆ ದಂಡವುಂಟು. ಹೀಗೆ ಶಿಕ್ಷೆಗೊಳಗಾದವರಲ್ಲಿ ಬಹುಮಂದಿ ಸ್ತ್ರೀಯರು. ಹಗಲಿನಲ್ಲಿ ಬಂದವರಿಗೆ ಬಾಗಿಲು ತೆರೆಯುವವರು ಹೆಚ್ಚಾಗಿ ಅವರೇ ಎಂಬುದು ಇದಕ್ಕೊಂದು ಕಾರಣ. ವಾರಂಟಿಲ್ಲದೆ ಬಂದ ತನಿಖೆಗಾರನನ್ನು ಒಳಗೆ ಬಿಡಲೇಬೇಕೆಂಬ ಕಟ್ಟಳೆಯಿಲ್ಲ. ಈ ಮಾತನ್ನು ಪ್ರತಿಯೊಂದು ಪತ್ರದ ಮೊದಲ ಸಾಲಿನಲ್ಲಿಯೇ ದಪ್ಪಕ್ಷರಗಳಲ್ಲಿ ಅಚ್ಚು ಹಾಕಿಸತಕ್ಕದ್ದು. ನೋಡದವನು ತಾನು ನೋಡುತ್ತಿಲ್ಲವೆಂದು ರುಜುವಾತು ಕೊಡಬೇಕೆನ್ನುವುದು ಯಾವ ನ್ಯಾಯ?

2015ರಲ್ಲಿ ಡೇವಿಡ್ ಪೆರಿಯವರು ಈ ವಿಷಯವನ್ನು ಪರಿಶೀಲಿಸಿ, ಈಗಿನ ಪದ್ಧತಿ ಇರುವವರೆಗೆ ಇದು ಕ್ರಿಮಿನಲ್ ಅಪರಾಧವಾಗಿಯೇ ಇರಲೆಂದು ಶಿಫಾರಸು ಮಾಡಿದರು. ಅವರ ವಿದ್ವತ್ತಿಗೆ ನಮ್ಮ ಗೌರವವುಂಟು. ಅಭಿಪ್ರಾಯವನ್ನು ಮಾತ್ರ ನಾವು ಒಪ್ಪಲಾರೆವು. ನೀರಿನ ಬಾಕಿಯನ್ನು ಸಿವಿಲ್ ನ್ಯಾಯಾಲಯದಲ್ಲಿ ವಸೂಲು ಮಾಡಬಹುದಾದರೆ ಟೆಲಿವಿಷನ್ನಿನ ಬಾಕಿಯನ್ನೂ ಹಾಗೆಯೇ ಮಾಡಬಹುದು.